ಮುಳ್ಳು ಕೆಂಪಿಗೇರಿದ ಮೇಲೆ: ಕಾರಿನ ಇಂಜಿನ್ ಕಾದು ಕೆಡುವ ಬಗೆ

ಪೆಟ್ರೋಲ್ ಇಂಜಿನ್ನಿನ ಸಿಲಿಂಡರಿನೊಳಗೆ ಕಿಡಿ ಹೊತ್ತಿದ ಕ್ಷಣ ಅನಿಲದ ಬಿಸಿ 2,000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಸಿಲಿಂಡರುಗಳ ಮೇಲೆ ಕೂತಿರುವ ಹೆಡ್ ಇಂದಿನ ಕಾರುಗಳಲ್ಲಿ ಅಲ್ಯೂಮಿನಿಯಂನದು. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ. ಎರಕಕ್ಕೆ ಬಳಸುವ ಮಿಶ್ರಲೋಹ ಅದಕ್ಕೂ ಮೊದಲೇ ಮೆತ್ತಗಾಗಿ ಹರಿಯತೊಡಗುತ್ತದೆ. ಇಷ್ಟು ಬೆಂಕಿಯನ್ನು ನಿಮಿಷಕ್ಕೆ ಸಾವಿರಾರು ಸಲ ಹೊಟ್ಟೆಯಲ್ಲಿ ಹೊತ್ತಿಸಿಕೊಂಡು ಎರಡು ಲಕ್ಷ ಕಿಲೋಮೀಟರ್ ಓಡಬಲ್ಲ ಯಂತ್ರ, ಸುತ್ತಲಿನ ನೀರಿನ ಬಿಸಿ 90ರಿಂದ 125ಕ್ಕೆ ಏರಿದರೆ ಕೆಲವೇ ನಿಮಿಷಗಳಲ್ಲಿ ಹಾಳಾಗಬಲ್ಲದು. ಎರಡು ಸಾವಿರ ಡಿಗ್ರಿಯನ್ನು ತಾಳಿಕೊಂಡದ್ದು ಮೂವತ್ತೈದು ಡಿಗ್ರಿಗೆ ಏಕೆ ಸೋಲುತ್ತದೆ?

ಇಂಜಿನ್ ಸಾಮಾನ್ಯವಾಗಿ ಕರಗಿ ಸಾಯುವುದಿಲ್ಲ. ಒಂದೇ ಯಂತ್ರದ ಬೇರೆಬೇರೆ ಭಾಗಗಳು ಬೇರೆಬೇರೆ ಅಳತೆಗೆ ಹಿಗ್ಗುವುದರಿಂದ ಕೆಡುತ್ತದೆ. ಆ ಕೇಡಿನ ದೊಡ್ಡ ಪಾಲು ಆಗುವುದು ಎಚ್ಚರಿಕೆಯ ದೀಪ ಹೊತ್ತಿದ ಮೇಲೆ, ಕಾರು ಇನ್ನೂ ಓಡುತ್ತಿರುವಾಗ. ಹಾಗಾಗಿ ಈ ಹಾನಿಯಲ್ಲಿ ಬಹುಪಾಲು ತಪ್ಪಿಸಬಹುದಾದದ್ದು ಎಂಬುದು ನನ್ನ ಗಟ್ಟಿ ನಂಬಿಕೆ.

ಇಂಧನ ಉರಿದು ಬರುವ ಶಕ್ತಿಯಲ್ಲಿ ಸುಮಾರಾಗಿ ಮೂರರಲ್ಲೊಂದು ಪಾಲು ಚಕ್ರ ತಿರುಗಿಸುವ ಕೆಲಸಕ್ಕೆ ಸಿಗುತ್ತದೆ, ಇನ್ನೊಂದು ಪಾಲು ಸೈಲೆನ್ಸರಿನಿಂದ ಹೊರಹೋಗುತ್ತದೆ, ಉಳಿದದ್ದು ಲೋಹಕ್ಕೆ ಇಳಿಯುತ್ತದೆ. ಲೋಹಕ್ಕೆ ಇಳಿದ ಈ ಪಾಲನ್ನು ಎಡೆಬಿಡದೆ ಹೊರಗೆ ಸಾಗಿಸದಿದ್ದರೆ ಉಳಿಗಾಲವಿಲ್ಲ ಎಂಬುದು ಕಾರಿನ ಹುಟ್ಟಿನಿಂದಲೇ ಗೊತ್ತಿತ್ತು. 1886ರ ಕಾರ್ಲ್ ಬೆಂಝ್‌ನ ಮೂರು ಚಕ್ರದ ಗಾಡಿಯಲ್ಲಿ ನೀರು ಕುದಿದು ಆವಿಯಾಗಿ ಹೋಗುವುದೇ ತಂಪಿನ ವ್ಯವಸ್ಥೆ. 1888ರಲ್ಲಿ ಬರ್ತಾ ಬೆಂಝ್ ಮಕ್ಕಳಿಬ್ಬರನ್ನು ಕೂರಿಸಿಕೊಂಡು ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ನೂರಕ್ಕೂ ಹೆಚ್ಚು ಕಿಲೋಮೀಟರ್ ಹೋದಾಗ ದಾರಿಯುದ್ದಕ್ಕೂ ನಿಂತು ನಿಂತು ನೀರು ತುಂಬಿಸಬೇಕಾಯಿತು. ವಿಲ್ಹೆಲ್ಮ್ ಮೇಬಾಕ್ ಜೇನುಗೂಡಿನ ಕಿಂಡಿಗಳಂಥ ರೇಡಿಯೇಟರನ್ನು 1901ರ ಮರ್ಸಿಡಿಸ್‌ಗೆ ಅಳವಡಿಸಿದ ಮೇಲೆ ಅದೇ ನೀರು ಮತ್ತೆ ಮತ್ತೆ ಸುತ್ತಿ ಬರುವ ಕ್ರಮ ನೆಲೆಗೊಂಡಿತು. 1908ರ ಫೋರ್ಡ್ ಮಾಡೆಲ್ ಟಿ ಕಾರಿಗೆ, ಮೊದಲ ಕೆಲವನ್ನು ಬಿಟ್ಟರೆ, ವಾಟರ್ ಪಂಪ್ ಕೂಡ ಇರಲಿಲ್ಲ. ಬಿಸಿನೀರು ಮೇಲೇರಿ ತಣ್ಣೀರು ಕೆಳಗಿಳಿಯುವ ಸಹಜ ಚಲನೆಯೇ ಪಂಪಿನ ಕೆಲಸ ಮಾಡುತ್ತಿತ್ತು.

ಇವತ್ತಿನ ವ್ಯವಸ್ಥೆಯ ಗುಟ್ಟು ಒತ್ತಡದಲ್ಲಿದೆ. ರೇಡಿಯೇಟರಿನ ಮುಚ್ಚಳ ನಮ್ಮ ಅಡುಗೆಮನೆಯ ಕುಕ್ಕರಿನ ವೆಯ್ಟ್ ಮಾಡುವ ಕೆಲಸವನ್ನೇ ಮಾಡುತ್ತದೆ: ಒಳಗಿನ ಒತ್ತಡವನ್ನು ಹೊರಗಿನದಕ್ಕಿಂತ ಸುಮಾರು ಒಂದು ಬಾರ್‌ನಷ್ಟು ಹೆಚ್ಚಿಸಿ ಹಿಡಿಯುತ್ತದೆ. ಇದರಿಂದ ನೀರು ಕುದಿಯುವ ಬಿಂದು 120ರ ಹತ್ತಿರ ಹೋಗುತ್ತದೆ; ಅರ್ಧಕ್ಕರ್ಧ ಎಥಿಲೀನ್ ಗ್ಲೈಕಾಲ್ ಬೆರೆಸಿದ ಕೂಲಂಟ್ ಆದರೆ ಅದಕ್ಕೂ ಮೇಲೆ. ಮುಚ್ಚಳದ ರಬ್ಬರ್ ಸೀಳಿದರೆ, ಅಥವಾ ಹೋಸ್ ಪೈಪಿನಲ್ಲಿ ಸೂಜಿಮೊನೆಯಷ್ಟು ತೂತಾದರೆ, ಈ ರಕ್ಷಣೆ ಪೂರ್ತಿ ಹೋಗುತ್ತದೆ. ಆಗ ಸಮುದ್ರಮಟ್ಟದಲ್ಲಿ ನೂರು ಡಿಗ್ರಿಗೆ, 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97ಕ್ಕೆ, ಲಡಾಖಿನ ಐದು ಸಾವಿರ ಮೀಟರ್ ಮೀರಿದ ಕಣಿವೆದಾರಿಗಳಲ್ಲಿ 83ರ ಆಸುಪಾಸಿನಲ್ಲೇ ನೀರು ಕುದಿಯುತ್ತದೆ. ಇಂಜಿನ್ ಸಾಮಾನ್ಯವಾಗಿ ಓಡುವುದೇ 90 ಡಿಗ್ರಿಯಲ್ಲಿ. ಒಂದು ರಬ್ಬರ್ ರಿಂಗಿನ ಮೇಲೆ ಎಷ್ಟೊಂದು ನಿಂತಿದೆ ನೋಡಿ.

ಕುದಿಯುವುದೇ ಕೇಡಲ್ಲ. ಬಿಸಿ ಲೋಹದ ಮೈಮೇಲೆ ಪುಟ್ಟ ಗುಳ್ಳೆಗಳೆದ್ದು, ಹರಿಯುವ ನೀರಿನಲ್ಲಿ ಸೇರಿ ಕರಗುತ್ತಿದ್ದರೆ ಶಾಖ ಇನ್ನೂ ಚೆನ್ನಾಗಿ ಹೊರಹೋಗುತ್ತದೆ. ಗುಳ್ಳೆಗಳು ಒಂದಕ್ಕೊಂದು ಕೂಡಿ ಲೋಹಕ್ಕೂ ನೀರಿಗೂ ನಡುವೆ ಆವಿಯ ಪದರವಾದಾಗ ಕಥೆ ಬದಲಾಗುತ್ತದೆ. ಆವಿ ಶಾಖವನ್ನು ನೀರಿನಷ್ಟು ಸಾಗಿಸಲಾರದು. ಎಕ್ಸಾಸ್ಟ್ ವಾಲ್ವುಗಳ ಸುತ್ತ, ಎರಡು ವಾಲ್ವ್ ಸೀಟುಗಳ ನಡುವಿನ ಕಿರಿದಾದ ಸೇತುವೆಯಲ್ಲಿ, ಇದು ಮೊದಲು ಆಗುತ್ತದೆ. ಅಲ್ಲಿನ ಲೋಹ ಇನ್ನೂರು ಡಿಗ್ರಿಯನ್ನು ಮೀರಿ ಬಹಳ ಮೇಲೆ ಹೋಗುತ್ತದೆ. ಪಕ್ಕದ ಭಾಗ ನೂರ ಮೂವತ್ತರಲ್ಲೇ ಇರುತ್ತದೆ. ಹಳೆಯ ಹೆಡ್ಡುಗಳನ್ನು ಬಿಚ್ಚಿದಾಗ ವಾಲ್ವ್ ಸೀಟುಗಳ ನಡುವೆ ಕೂದಲೆಳೆಯಷ್ಟು ಬಿರುಕು ಕಾಣುವುದು ಇದೇ ಕಾರಣಕ್ಕೆ.

ಈಗ ಹಿಗ್ಗುವಿಕೆಯ ಲೆಕ್ಕಕ್ಕೆ ಬರೋಣ. ಇಡೀ ವಿಷಯದ ತಿರುಳು ಇಲ್ಲಿದೆ. ನಾಲ್ಕು ಸಿಲಿಂಡರಿನ ಇಂಜಿನ್ನಿನ ಹೆಡ್ ಸುಮಾರು 40 ಸೆಂಟಿಮೀಟರ್ ಉದ್ದ ಎಂದುಕೊಳ್ಳಿ. ನೂರು ಡಿಗ್ರಿ ಬಿಸಿಯೇರಿದರೆ ಅಲ್ಯೂಮಿನಿಯಂ ಹೆಡ್ 0.9 ಮಿಲಿಮೀಟರ್ ಉದ್ದವಾಗುತ್ತದೆ. ಅದರ ಕೆಳಗಿನ ಬ್ಲಾಕ್ ಬೀಡು ಕಬ್ಬಿಣದ್ದಾದರೆ ಹಿಗ್ಗುವುದು ಅದರ ಅರ್ಧದಷ್ಟು. ಅಂದರೆ ಅರ್ಧ ಮಿಲಿಮೀಟರಿಗೆ ಸ್ವಲ್ಪ ಕಡಿಮೆ ವ್ಯತ್ಯಾಸ. ಇಷ್ಟನ್ನು ಇಂಜಿನ್ ದಿನವೂ ನಿಭಾಯಿಸುತ್ತದೆ. ಹೆಡ್ಡಿಗೂ ಬ್ಲಾಕಿಗೂ ನಡುವಿನ ಸಂದು ಮುಚ್ಚುವ ತೆಳು ಹಾಳೆಯಾದ ಹೆಡ್ ಗ್ಯಾಸ್ಕೆಟ್ಟಿನ ಮೇಲೆ ಹೆಡ್ ತುಸು ಜಾರಿ ಮತ್ತೆ ತನ್ನ ಜಾಗಕ್ಕೆ ಬರುವಂತೆಯೇ ಎಲ್ಲವನ್ನೂ ಮಾಡಿರುತ್ತಾರೆ. ಮಿತಿಮೀರಿ ಕಾದಾಗ ವ್ಯತ್ಯಾಸ ಹೆಚ್ಚುವುದಷ್ಟೇ ಅಲ್ಲ, ಹೆಡ್ಡಿನ ನಡುಭಾಗ ಅದರ ಅಂಚಿಗಿಂತ ಹೆಚ್ಚು ಹಿಗ್ಗಲು ಹೊರಡುತ್ತದೆ. ಸುತ್ತಲೂ ಹತ್ತು ಬೋಲ್ಟು ಬಿಗಿಯಾಗಿ ಹಿಡಿದಿವೆ. ಹೊರಗೆ ಹರಡಲು ಜಾಗವಿಲ್ಲದ ಲೋಹ ತನ್ನೊಳಗೇ ಒತ್ತರಿಸಿಕೊಳ್ಳುತ್ತದೆ. ಇನ್ನೂರು ಡಿಗ್ರಿ ದಾಟಿದ ಅಲ್ಯೂಮಿನಿಯಂಗೆ ಮೊದಲಿನ ಬಲ ಇರುವುದಿಲ್ಲವಾದ್ದರಿಂದ ಆ ಒತ್ತಡಕ್ಕೆ ಅದು ಶಾಶ್ವತವಾಗಿ ಮಣಿಯುತ್ತದೆ. ತಣ್ಣಗಾಗುವಾಗ, ಒತ್ತರಿಸಿಕೊಂಡ ಭಾಗ ಮೊದಲಿಗಿಂತ ಗಿಡ್ಡವಾಗಿಯೇ ಉಳಿಯುತ್ತದೆ. ಹೆಡ್ ಬಾಗಿರುತ್ತದೆ.

ಕೇಡು ಬಿಸಿಯಲ್ಲಿ ಆಗಿ, ತಣ್ಣಗಾದ ಮೇಲೆ ಕಾಣಿಸಿಕೊಳ್ಳುತ್ತದೆ ಎನ್ನುವುದನ್ನು ಗಮನಿಸಬೇಕು. ರಸ್ತೆಬದಿಯಲ್ಲಿ ಒಂದು ಗಂಟೆ ನಿಲ್ಲಿಸಿ, ನೀರು ಹಾಕಿ, ಸ್ಟಾರ್ಟ್ ಆಯಿತೆಂದು ಸಮಾಧಾನಪಟ್ಟು ಊರು ಸೇರಿದವರ ಕಾರು ಮುಂದಿನ ವಾರ ಗ್ಯಾರೇಜಿಗೆ ಹೋಗುವುದು ಈ ಕಾರಣಕ್ಕೆ.

ಎಷ್ಟು ಬಾಗಿದರೆ ತೊಂದರೆ? ಸಣ್ಣ ಕಾರುಗಳ ಹೆಡ್ಡಿಗೆ ತಯಾರಕರು ಸಾಮಾನ್ಯವಾಗಿ ಕೊಡುವ ಮಿತಿ 0.05 ಮಿಲಿಮೀಟರಿನ ಆಸುಪಾಸು. ನೋಟುಪುಸ್ತಕದ ಒಂದು ಹಾಳೆಯ ದಪ್ಪದ ಅರ್ಧ. ಬೆಂಗಳೂರಿನ ಜೆ.ಸಿ. ರಸ್ತೆಯ ಸುತ್ತಮುತ್ತ, ಇಲ್ಲವೇ ಯಾವುದೇ ಜಿಲ್ಲಾಕೇಂದ್ರದ ಇಂಜಿನ್ ಕೆಲಸದ ವರ್ಕ್‌ಶಾಪಿನಲ್ಲಿ ಇದನ್ನು ಅಳೆಯುವುದನ್ನು ನೋಡಬಹುದು. ಹೆಡ್ಡನ್ನು ಮಗುಚಿ ಹಾಕಿ, ಅಂಟಿಕೊಂಡ ಹಳೆಯ ಗ್ಯಾಸ್ಕೆಟ್ಟನ್ನು ಕೆರೆದು ಒರೆಸಿ, ನೇರವಾದ ಉಕ್ಕಿನ ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ ಇಡುತ್ತಾರೆ. ಫೀಲರ್ ಗೇಜಿನ ಅತಿ ತೆಳುವಾದ ಎಲೆಯನ್ನು ಪಟ್ಟಿಯ ಅಡಿಗೆ ತೂರಿಸಿ ನೋಡುತ್ತಾರೆ. ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ. ಎರಡನೇ ಮತ್ತು ಮೂರನೇ ಸಿಲಿಂಡರುಗಳ ನಡುವೆ ಎಲೆ ತಡೆಯಿಲ್ಲದೆ ಒಳಹೋದರೆ ಕೆಲಸಗಾರ ಮಾತಾಡುವುದೂ ಬೇಕಾಗುವುದಿಲ್ಲ.

ಅಷ್ಟು ಸಂದು ಸಾಕು, ಗ್ಯಾಸ್ಕೆಟ್ ಸೋಲಲು. ಸೋತ ಮೇಲೆ ಉರಿದ ಅನಿಲ ಕೂಲಂಟಿನ ದಾರಿಗೆ ನುಗ್ಗಿ ನೀರನ್ನು ಹೊರದಬ್ಬುತ್ತದೆ, ನೀರು ಕಡಿಮೆಯಾದಂತೆ ಬಿಸಿ ಇನ್ನೂ ಏರುತ್ತದೆ, ಹೆಡ್ ಇನ್ನೂ ಬಾಗುತ್ತದೆ. ಈ ಸುಳಿಗೆ ಸಿಕ್ಕ ಇಂಜಿನ್ ತಾನಾಗಿ ಹೊರಬರುವುದಿಲ್ಲ. ಇತ್ತ ಕೂಲಂಟ್ ಆಯಿಲ್ ಸೇರಿದರೆ ಹಾಲು ಬೆರೆತ ಕಾಫಿಯ ಬಣ್ಣದ ಲೋಳೆಯಾಗುತ್ತದೆ, ಗ್ಲೈಕಾಲ್ ಬೇರಿಂಗುಗಳ ಮೇಲ್ಮೈಯನ್ನು ತಿನ್ನುತ್ತದೆ. ಸಿಲಿಂಡರಿಗೆ ಸೇರಿದರೆ ಸಿಹಿವಾಸನೆಯ ಬಿಳಿ ಹೊಗೆ. ರಾತ್ರಿಯಿಡೀ ನಿಂತ ಕಾರಿನಲ್ಲಿ ಸಿಲಿಂಡರಿನೊಳಗೆ ಕೂಲಂಟ್ ಜಿನುಗಿ ತುಂಬಿದ್ದು ಬೆಳಿಗ್ಗೆ ಕೀಲಿ ತಿರುಗಿಸಿದರೆ, ದ್ರವವನ್ನು ಒತ್ತಿ ಕುಗ್ಗಿಸಲಾಗದೆ ಕನೆಕ್ಟಿಂಗ್ ರಾಡೇ ಬಗ್ಗುವುದುಂಟು.

ಯಾವುದನ್ನು ಯಾವ ಲೋಹದಲ್ಲಿ ಮಾಡಬೇಕು, ಪಂಪನ್ನು ಎಲ್ಲಿಡಬೇಕು ಎಂಬ ತೀರ್ಮಾನಗಳು ಒಂದು ಕಾರಿನ ಹಣೆಬರಹವನ್ನೇ ಬರೆದ ಉದಾಹರಣೆಗಳಿವೆ. ಅಮೆರಿಕದಲ್ಲಿ 1970ರಲ್ಲಿ ಬಂದ ಷೆವರ್ಲೆ ವೇಗಾ ರೂಢಿಯನ್ನು ತಿರುಗಿಸಿ ಹಾಕಿತು: ಬ್ಲಾಕ್ ಅಲ್ಯೂಮಿನಿಯಂ, ಹೆಡ್ ಬೀಡು ಕಬ್ಬಿಣ. ಬ್ಲಾಕಿನ ಮಿಶ್ರಲೋಹದಲ್ಲಿ ಶೇಕಡ 17ರಷ್ಟು ಸಿಲಿಕಾನ್ ಇತ್ತು. ಆ ಗಟ್ಟಿ ಕಣಗಳ ಮೇಲೆಯೇ ಪಿಸ್ಟನ್ ಓಡುತ್ತದೆ, ಕಬ್ಬಿಣದ ಲೈನರ್ ಬೇಡ ಎಂಬ ಎಣಿಕೆ. ಕೂಲಂಟ್ ಕೊಂಚ ಇಳಿದರೂ ಬ್ಲಾಕ್ ಕಾದು ಸಿಲಿಂಡರ್ ಗೋಡೆಗಳು ಗೀರುಬಿದ್ದು ಆಯಿಲ್ ಉರಿಯತೊಡಗುತ್ತಿತ್ತು. ಕಂಪನಿ ಕೊನೆಗೆ 1976ರ ಮಾದರಿಗೆ ಐದು ವರ್ಷ ಅಥವಾ 60,000 ಮೈಲಿಗಳ ಇಂಜಿನ್ ಖಾತರಿ ಕೊಡಬೇಕಾಯಿತು. ಅದೇ 1970ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಟ್ರಯಂಫ್ ಸ್ಟ್ಯಾಗ್ ಕಾರಿನ ವಿ8 ಇಂಜಿನ್ನಿನಲ್ಲಿ ವಾಟರ್ ಪಂಪ್ ತೀರ ಮೇಲಿತ್ತು. ನೀರು ಸ್ವಲ್ಪ ತಗ್ಗಿದರೆ ಮೊದಲು ಒಣಗುವುದು ಪಂಪೇ. ಪಂಪ್ ಒಣಗಿದ ಮೇಲೆ ಉಳಿದ ನೀರು ಇದ್ದೂ ಇಲ್ಲದಂತೆ. ಹೆಡ್ ಬಾಗಿಸಿಕೊಳ್ಳುವುದಕ್ಕೇ ಆ ಸುಂದರ ಕಾರು ಹೆಸರಾಯಿತು. ಗಾಳಿಯಿಂದ ತಣಿಯುವ ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ನೀರಿನ ಕಾಟವೇ ಇರಲಿಲ್ಲ. ಆದರೆ ಹಳೆಯ ಮಾದರಿಗಳಲ್ಲಿ ಆಯಿಲ್ ಕೂಲರ್ ಮೂರನೇ ಸಿಲಿಂಡರಿಗೆ ಹೋಗುವ ಗಾಳಿಗೆ ಅಡ್ಡ ನಿಂತಿದ್ದರಿಂದ ಮೊದಲು ವಾಲ್ವ್ ಕೆಡುತ್ತಿದ್ದದ್ದು ಆ ಸಿಲಿಂಡರಿನದೇ. ಅಸಮವಾದ ತಂಪು ನೀರಿನಲ್ಲಾದರೂ ಗಾಳಿಯಲ್ಲಾದರೂ ಒಂದೇ ಫಲ ಕೊಡುತ್ತದೆ.

ಹೆಡ್ಡಿನ ಕೆಳಗೆ ನಡೆಯುವುದನ್ನೂ ನೋಡಬೇಕು. ಪಿಸ್ಟನ್ನಿಗೂ ಸಿಲಿಂಡರ್ ಗೋಡೆಗೂ ನಡುವಿನ ಸಂದು ಮಿಲಿಮೀಟರಿನ ನೂರರಲ್ಲಿ ಮೂರರಿಂದ ಆರು ಭಾಗ. ಅಷ್ಟರಲ್ಲಿ ಆಯಿಲ್ ಪದರವೂ ಇರಬೇಕು. ಪಿಸ್ಟನ್ ಅಲ್ಯೂಮಿನಿಯಂನದು, ಬೇಗ ಹಿಗ್ಗುತ್ತದೆ; ಅದೇ ಹೊತ್ತಿಗೆ ಬಿಸಿಗೆ ಆಯಿಲ್ ನೀರಾಗಿ ಪದರ ಹರಿಯುತ್ತದೆ. ಲೋಹಕ್ಕೆ ಲೋಹ ಉಜ್ಜಿ ಪಿಸ್ಟನ್ನಿನ ಮೈ ಕಿತ್ತು ಗೋಡೆಗೆ ಮೆತ್ತಿಕೊಳ್ಳುತ್ತದೆ. ಮೆಕ್ಯಾನಿಕ್‌ಗಳು ಇಂಜಿನ್ ಸೀಜ್ ಆಯಿತು ಅನ್ನುವುದು ಇದನ್ನೇ. ಅಲ್ಲಿಯವರೆಗೆ ಹೋಗದೆ ಉಳಿದರೂ ರಿಂಗುಗಳು ತಮ್ಮ ಚಿಮ್ಮುಬಲ ಕಳೆದುಕೊಂಡಿರಬಹುದು, ವಾಲ್ವ್ ಸೀಲುಗಳ ರಬ್ಬರ್ ಗಡುಸಾಗಿರಬಹುದು. ತಿಂಗಳುಗಳ ನಂತರ ನೀಲಿ ಹೊಗೆ, ಕುಗ್ಗಿದ ಪಿಕಪ್. ಆಯಿಲ್ ಬಿಸಿ ಪ್ರತಿ ಹತ್ತು ಡಿಗ್ರಿ ಏರಿದಂತೆ ಅದು ಆಮ್ಲಜನಕದೊಡನೆ ಕೂಡಿ ಕೆಡುವ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಆಯಿಲ್ ತಂತ್ರಜ್ಞರ ಒಪ್ಪಿತ ಲೆಕ್ಕ. ಆದ್ದರಿಂದ ಒಮ್ಮೆ ಚೆನ್ನಾಗಿ ಕಾದ ಇಂಜಿನ್ನಿನ ಆಯಿಲನ್ನು, ಅವಧಿ ಬಾಕಿ ಇದ್ದರೂ, ಬದಲಿಸುವುದೇ ಸರಿ.

ಇಷ್ಟೆಲ್ಲ ಆಗುವಾಗ ಡ್ಯಾಶ್‌ಬೋರ್ಡ್ ಏನು ಹೇಳುತ್ತಿರುತ್ತದೆ? ಇಲ್ಲಿ ನನಗೆ ತಯಾರಕರ ಮೇಲೆ ನಿಜವಾದ ಸಿಟ್ಟಿದೆ. ಹಲವು ಸಣ್ಣ ಕಾರುಗಳಲ್ಲಿ ಟೆಂಪರೇಚರ್ ಮುಳ್ಳೇ ಇಲ್ಲ. ಇಂಜಿನ್ ತಣ್ಣಗಿರುವಾಗ ನೀಲಿ ದೀಪ, ಮಿತಿಮೀರಿದಾಗ ಕೆಂಪು ದೀಪ, ನಡುವೆ ಮೌನ. ಮುಳ್ಳಿರುವ ಎಷ್ಟೋ ಕಾರುಗಳಲ್ಲೂ ಗಿರಾಕಿ ಗಾಬರಿಯಾಗದಿರಲೆಂದು, ಬಿಸಿ ಹತ್ತಿಪ್ಪತ್ತು ಡಿಗ್ರಿ ಆಚೀಚೆಯಾದರೂ ಮುಳ್ಳು ನಡುವೆಯೇ ನಿಲ್ಲುವಂತೆ ಹೊಂದಿಸಿರುತ್ತಾರೆ. ಅದಕ್ಕಿಂತ ಅಪಾಯದ್ದು ಇನ್ನೊಂದು. ಸೆನ್ಸರ್ ಅಳೆಯುವುದು ತಾನು ಮುಳುಗಿರುವ ದ್ರವದ ಬಿಸಿಯನ್ನು. ಹೋಸ್ ಒಡೆದು ಕೂಲಂಟ್ ಎಲ್ಲ ಸುರಿದುಹೋದರೆ ಸೆನ್ಸರ್ ಗಾಳಿಯಲ್ಲಿ ನಿಂತಿರುತ್ತದೆ. ಮೇಲೇರಿದ್ದ ಮುಳ್ಳು ಕೆಳಗಿಳಿಯುತ್ತದೆ. ಓಡಿಸುವವರು ನಿಟ್ಟುಸಿರು ಬಿಡುವ ಆ ಗಳಿಗೆಯಲ್ಲೇ ಇಂಜಿನ್ ಬೇಯುತ್ತಿರುತ್ತದೆ. ಕೂಲಂಟ್ ಡಬ್ಬಿಯಲ್ಲಿ ಮಟ್ಟ ತೋರಿಸುವ ಒಂದು ಸ್ವಿಚ್ ಪ್ರತಿ ಕಾರಿನಲ್ಲೂ ಕಡ್ಡಾಯವಾಗಿ ಇರಬೇಕು. 1993ರ ಕ್ಯಾಡಿಲ್ಯಾಕ್ ನಾರ್ತ್‌ಸ್ಟಾರ್ ಇಂಜಿನ್ನಿನಲ್ಲಿ, ಕೂಲಂಟ್ ಹೋದರೆ ಅರ್ಧ ಸಿಲಿಂಡರುಗಳಿಗೆ ಸರದಿಯ ಮೇಲೆ ಇಂಧನ ನಿಲ್ಲಿಸಿ, ಆ ಸಿಲಿಂಡರುಗಳು ಬರೀ ಗಾಳಿ ಎಳೆದು ತಣಿಯುವಂತೆ ಮಾಡಿ ಕಾರನ್ನು ನಿಧಾನಕ್ಕೆ ಸುರಕ್ಷಿತ ಜಾಗಕ್ಕೆ ಮುಟ್ಟಿಸುವ ಏರ್ಪಾಡು ಇತ್ತು. ಮೂವತ್ತು ವರ್ಷಗಳ ಹಿಂದೆಯೇ ಸಾಧ್ಯವಾದದ್ದು ಇದು.

ನಮ್ಮಲ್ಲಿ ಇಂಜಿನ್ ಕಾಯುವ ಕಾರಣಗಳಲ್ಲಿ ಬಹಳಷ್ಟು ಎಲ್ಲ ಕಡೆ ಇರುವಂಥವೇ: ಫ್ಯಾನಿನ ರಿಲೇ ಕೆಡುವುದು, ಬೆಲ್ಟ್ ಹರಿಯುವುದು, ರೇಡಿಯೇಟರಿನ ರೆಕ್ಕೆಗಳಲ್ಲಿ ಧೂಳು ಮತ್ತು ಹುಳು ತುಂಬುವುದು. ಶಿರಾಡಿ ಅಥವಾ ಚಾರ್ಮಾಡಿ ಘಾಟಿ ಹತ್ತುವಾಗ ಮುಂದೆ ತೆವಳುವ ಲಾರಿ, ಒಂದನೇ ಎರಡನೇ ಗೇರು, ತುಂಬಿದ ಕಾರು, ಜೋರಾಗಿ ಎ.ಸಿ. ಇಂಜಿನ್ನಿಗೆ ಹೊರೆ ಪೂರ್ತಿ, ಎದುರುಗಾಳಿ ಇಲ್ಲವೇ ಇಲ್ಲ. ಆಗ ಎಲ್ಲವೂ ಫ್ಯಾನಿನ ಮೇಲೆ ನಿಂತಿದೆ. ಬಯಲಿನಲ್ಲಿ ಬಯಲಾಗದ ಸಣ್ಣ ದೋಷ ಘಾಟಿಯಲ್ಲಿ ಬಯಲಾಗುತ್ತದೆ.

ನಮ್ಮದೇ ಎನ್ನಬಹುದಾದ ಎರಡು ಕಾರಣಗಳನ್ನು ಮಾತ್ರ ಸ್ವಲ್ಪ ಒತ್ತಿ ಹೇಳಬೇಕು. ಒಂದು ಕೊಳವೆಬಾವಿ ನೀರು. ಕೋಲಾರದಿಂದ ರಾಯಚೂರಿನವರೆಗೆ ಬಯಲುಸೀಮೆಯ ಬಹುಭಾಗದ ನೀರು ಗಡಸು. ದಾರಿಯಲ್ಲಿ ಸಿಕ್ಕ ನಲ್ಲಿಯಿಂದ ಬಾಟಲಿ ಹಿಡಿದು ರೇಡಿಯೇಟರಿಗೆ ಸುರಿಯುತ್ತ ಬಂದರೆ, ಸ್ನಾನದ ಮನೆಯ ಗೀಸರಿನೊಳಗೆ ಕಟ್ಟುವ ಅದೇ ಬಿಳಿ ಸುಣ್ಣದ ಪದರ ಸಿಲಿಂಡರುಗಳ ಸುತ್ತ ಕಟ್ಟುತ್ತದೆ. ಈ ಪದರ ಬೀಡು ಕಬ್ಬಿಣಕ್ಕಿಂತ ಹತ್ತಾರು ಪಟ್ಟು ಕಡಿಮೆ ಶಾಖ ದಾಟಿಸುತ್ತದೆ. ರೇಡಿಯೇಟರಿನ ಸಪೂರ ಕೊಳವೆಗಳು ಒಂದೊಂದಾಗಿ ಮುಚ್ಚುತ್ತವೆ. ಕೂಲಂಟಿನಲ್ಲಿ ತುಕ್ಕು ತಡೆಯುವ ರಾಸಾಯನಿಕಗಳೂ ಇರುತ್ತವೆ. ಬರೀ ನೀರಿನಲ್ಲಿ ಅವೂ ಇಲ್ಲ. ತುರ್ತಿಗೆ ಯಾವ ನೀರಾದರೂ ಹಾಕಲೇಬೇಕು, ತಪ್ಪಲ್ಲ. ಊರು ಮುಟ್ಟಿದ ಮೇಲೆ ಅದನ್ನು ಪೂರ್ತಿ ಬಸಿದು, ತೊಳೆದು, ಡಿಸ್ಟಿಲ್ಡ್ ನೀರು ಬೆರೆಸಿದ ಕೂಲಂಟ್ ತುಂಬಿಸಬೇಕು.

ಇನ್ನೊಂದು ಥರ್ಮೋಸ್ಟಾಟನ್ನೇ ಕಿತ್ತೆಸೆಯುವ ರೂಢಿ. “ನಮ್ಮ ಬಿಸಿಲಿಗೆ ಇದ್ಯಾಕೆ ಸಾರ್, ತೆಗೆದುಬಿಟ್ಟರೆ ನೀರು ಫ್ರೀಯಾಗಿ ಓಡಾಡುತ್ತೆ” ಎಂಬ ಮಾತನ್ನು ಕೇಳದ ಕಾರಿನ ಮಾಲೀಕರು ಕಡಿಮೆ. ಥರ್ಮೋಸ್ಟಾಟಿನೊಳಗಿನ ಮೇಣ ಸುಮಾರು 82ರಿಂದ 88 ಡಿಗ್ರಿಯಲ್ಲಿ ಕರಗಿ ಹಿಗ್ಗಿ ರೇಡಿಯೇಟರಿಗೆ ನೀರು ಹೋಗುವ ದಾರಿ ತೆರೆಯುತ್ತದೆ. ಅದು ಮುಚ್ಚಿಯೇ ಕಚ್ಚಿಕೊಂಡರೆ ಇಂಜಿನ್ ಕಾಯುತ್ತದೆ, ನಿಜ. ಅದಕ್ಕೆ ಮದ್ದು ಹೊಸ ಥರ್ಮೋಸ್ಟಾಟ್. ತೆಗೆದುಹಾಕಿದರೆ ಇಂಜಿನ್ ಸರಿಯಾದ ಬಿಸಿಗೆ ಬರುವುದೇ ಇಲ್ಲ: ಕಂಪ್ಯೂಟರ್ ಇಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಹೆಚ್ಚು ಪೆಟ್ರೋಲ್ ಕೊಡುತ್ತಲೇ ಇರುತ್ತದೆ, ಆ ಪೆಟ್ರೋಲ್ ಗೋಡೆಯ ಆಯಿಲನ್ನು ತೊಳೆಯುತ್ತದೆ, ಸವೆತ ಹೆಚ್ಚುತ್ತದೆ. ಕೆಲವು ಕಾರುಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಬೈಪಾಸ್ ದಾರಿಯನ್ನು ಮುಚ್ಚುವುದೂ ಅದರದೇ ಕೆಲಸ. ಅಂಥವುಗಳಲ್ಲಿ ಅದನ್ನು ತೆಗೆದರೆ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಹಾಗೇ ಸುತ್ತುತ್ತ, ಯಾವ ಕಾಯಿಲೆಗೆ ಮದ್ದೆಂದು ತೆಗೆದರೋ ಅದೇ ಕಾಯಿಲೆ ಬರುತ್ತದೆ.

ದಾರಿಯಲ್ಲಿ ಮುಳ್ಳು ಏರಿದಾಗ ಏನು ಮಾಡಬೇಕೆಂಬುದರಲ್ಲಿ ಅನುಭವಿಗಳಲ್ಲೇ ಎರಡು ಪಂಗಡ. ತಕ್ಷಣ ಆಫ್ ಮಾಡಿ ಎನ್ನುವವರು ಒಂದು ಕಡೆ. ಆಫ್ ಮಾಡಿದರೆ ಪಂಪೂ ನಿಂತು ಹೆಡ್ಡಿನಲ್ಲಿ ಕೂಡಿದ ಬಿಸಿ ಅಲ್ಲಿಯೇ ಉಳಿಯುತ್ತದೆ, ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಡಿ ಎನ್ನುವವರು ಇನ್ನೊಂದು ಕಡೆ. ಇಬ್ಬರದೂ ನಿಜ, ಸಂದರ್ಭ ಬೇರೆ. ಮುಳ್ಳು ನಡುವಿನಿಂದ ಮೇಲೇರುತ್ತಿದೆ, ಹಬೆಯಿಲ್ಲ, ನೆಲದ ಮೇಲೆ ನೀರಿಲ್ಲ ಎಂದಾದರೆ ಎ.ಸಿ. ಆಫ್ ಮಾಡಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಕಿಟಕಿ ಇಳಿಸಿ, ಬದಿಗೆ ನಿಲ್ಲಿಸಿ ಐಡಲ್‌ನಲ್ಲಿ ಬಿಡಿ. ಹೀಟರ್ ಕೂಡ ಒಂದು ಪುಟ್ಟ ರೇಡಿಯೇಟರೇ. ಕೆಂಪು ದೀಪ ಹೊತ್ತಿದೆ, ಹಬೆ ಬರುತ್ತಿದೆ, ಹೀಟರಿನಿಂದ ತಣ್ಣನೆ ಗಾಳಿ ಬರುತ್ತಿದೆ ಅಥವಾ ಮುಳ್ಳು ಸರಕ್ಕನೆ ಇಳಿಯಿತು ಎಂದಾದರೆ ಸುತ್ತಿಸಲು ನೀರೇ ಉಳಿದಿಲ್ಲ. ಆ ಕ್ಷಣ ಆಫ್ ಮಾಡಬೇಕು. ಗ್ಯಾರೇಜ್ ಇನ್ನು ಎರಡೇ ಕಿಲೋಮೀಟರ್ ಎಂಬ ಆಸೆಗೆ ಎಷ್ಟು ಇಂಜಿನ್‌ಗಳು ಬಲಿಯಾಗಿವೆಯೋ! ಟೋಯಿಂಗ್ ಗಾಡಿಯ ಬಾಡಿಗೆ ಎಷ್ಟೇ ಹೆಚ್ಚೆನಿಸಿದರೂ ಹೆಡ್ ಕೆಲಸದ ಬಿಲ್ಲಿನ ಮುಂದೆ ಏನೂ ಅಲ್ಲ. ಸಾಮಾನ್ಯ ವಾಹನ ವಿಮೆ ಯಾಂತ್ರಿಕ ದೋಷದಿಂದಾದ ನಷ್ಟವನ್ನು ತುಂಬಿಕೊಡುವುದೂ ಇಲ್ಲ.

ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತೆರೆಯಬಾರದೆಂದು ಎಲ್ಲರೂ ಹೇಳುತ್ತಾರೆ. ಏಕೆಂಬುದನ್ನು ಲೆಕ್ಕ ಹಾಕಿದರೆ ಮೈ ಜುಮ್ಮೆನ್ನುತ್ತದೆ. ಬರೀ ನೀರೆಂದೇ ಇಟ್ಟುಕೊಳ್ಳಿ, ಐದು ಲೀಟರ್, 115 ಡಿಗ್ರಿ. ಮುಚ್ಚಳ ತಿರುಗಿಸಿ ಒತ್ತಡ ಇಳಿದ ಕೂಡಲೇ ಅದರಲ್ಲಿ 140 ಗ್ರಾಂನಷ್ಟು ಒಮ್ಮೆಲೇ ಆವಿಯಾಗುತ್ತದೆ. 140 ಗ್ರಾಂ ನೀರಿನ ಆವಿ ಇನ್ನೂರು ಲೀಟರಿಗೂ ಹೆಚ್ಚು ಜಾಗ ಬೇಡುತ್ತದೆ. ಅದಕ್ಕೆ ಇರುವ ದಾರಿ ಎರಡು ಬೆರಳಗಲದ ಬಾಯಿ, ಅದರೆದುರಿಗೆ ತೆರೆದವರ ಮುಖ. ಕನಿಷ್ಠ ಅರ್ಧ ಗಂಟೆ ಕಾಯಬೇಕು, ಮೇಲಿನ ಹೋಸ್ ಮುಟ್ಟಿದರೆ ಮೆತ್ತಗಿರಬೇಕು. ಕಾದ ಬ್ಲಾಕಿನೊಳಗೆ ತಣ್ಣೀರನ್ನು ಒಮ್ಮೆಲೇ ಸುರಿದರೆ ಒಂದು ಕಡೆ ದಿಢೀರನೆ ಕುಗ್ಗಿ ಬಿರುಕು ಬಿಡುವ ಅಪಾಯವಿದೆ, ಸ್ವಲ್ಪಸ್ವಲ್ಪವಾಗಿ ಹಾಕಬೇಕು.

ಇನ್ನು ರಿಪೇರಿಯ ಮಾತು. ಗ್ಯಾಸ್ಕೆಟ್ ಸೋತಿದೆಯೇ ಎಂದು ತಿಳಿಯಲು ಇಂಜಿನ್ ಬಿಚ್ಚಬೇಕಾಗಿಲ್ಲ. ರೇಡಿಯೇಟರ್ ಬಾಯಿಯ ಗಾಳಿಯನ್ನು ನೀಲಿ ದ್ರಾವಣದ ಮೂಲಕ ಎಳೆದರೆ, ಉರಿದ ಅನಿಲದ ಇಂಗಾಲದ ಡೈಆಕ್ಸೈಡ್ ಇದ್ದಲ್ಲಿ ಅದು ಹಳದಿಗೆ ತಿರುಗುತ್ತದೆ. ಬಿಚ್ಚಿದ ಮೇಲೆ ಬಾಗಿದ ಹೆಡ್ಡನ್ನು ಫೇಸಿಂಗ್ ಮಾಡಿಸುವುದು ವಾಡಿಕೆ: ಕೆಳಮೈಯನ್ನು ತೆಳುವಾಗಿ ಕೆತ್ತಿ ಸಮ ಮಾಡುತ್ತಾರೆ. ಸಣ್ಣ ಬಾಗಿಗೆ ಇದು ಸರಿ. ಹೆಚ್ಚು ಬಾಗಿದ ಹೆಡ್ಡಿಗೆ ಸಾಲದು, ಏಕೆಂದರೆ ಹೆಡ್ ಬಾಗುವಾಗ ಕೆಳಮೈ ಜೊತೆ ಮೇಲುಮೈಯೂ ಬಾಗಿದೆ, ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ತಿರುಗುವ ಗೂಡುಗಳ ಸಾಲು ಮೇಲಿದೆ. ಅಡಿಯನ್ನಷ್ಟೇ ಕೆತ್ತಿದರೆ ಗ್ಯಾಸ್ಕೆಟ್ ಕೂರುತ್ತದೆ, ಕ್ಯಾಮ್‌ಶಾಫ್ಟ್ ಬಿಗಿಹಿಡಿಯುತ್ತದೆ. ಜೋಡಿಸುವ ಮುಂಚೆ ಕ್ಯಾಮ್‌ಶಾಫ್ಟ್ ಇಟ್ಟು ಕೈಯಲ್ಲಿ ತಿರುಗಿಸಿ ನೋಡಿದ್ದೀರಾ ಎಂದು ಕೇಳಿ. ಹೆಡ್ಡಿನ ಗಡಸುತನ ಅಳೆದಿದ್ದೀರಾ, ಬಿರುಕಿಗೆ ಒತ್ತಡದ ಪರೀಕ್ಷೆ ಮಾಡಿದ್ದೀರಾ, ಬೋಲ್ಟು ಹೊಸದು ಹಾಕುತ್ತಿದ್ದೀರಾ ಎಂದೂ ಕೇಳಬೇಕು. ಇಂದಿನ ಬಹಳಷ್ಟು ಇಂಜಿನ್‌ಗಳ ಹೆಡ್ ಬೋಲ್ಟು ಒಮ್ಮೆ ಬಿಗಿದಾಗ ಹಿಗ್ಗಿಬಿಡುವಂಥವು, ಮತ್ತೆ ಬಳಸುವಂತಿಲ್ಲ. ಇಷ್ಟಕ್ಕೂ ಮೊದಲು ಕೇಳಬೇಕಾದದ್ದು ಇಂಜಿನ್ ಕಾದದ್ದೇಕೆ ಎಂದು. ಒಡೆದ ಪಂಪನ್ನೋ ಕಟ್ಟಿದ ರೇಡಿಯೇಟರನ್ನೋ ಹಾಗೇ ಬಿಟ್ಟು ಹಾಕಿದ ಹೊಸ ಗ್ಯಾಸ್ಕೆಟ್ ಮುಂದಿನ ಬೇಸಿಗೆ ಕಾಣುವುದಿಲ್ಲ.

ರಿಪೇರಿಯಾದ ಇಂಜಿನ್ನಿನ ಹೆಡ್ಡಿಗೆ ಪುಟ್ಟದೊಂದು ಬಿಲ್ಲೆ ಅಂಟಿಸುವ ಕ್ರಮ ಕೆಲವು ದೇಶಗಳ ಇಂಜಿನ್ ಕೆಲಸಗಾರರಲ್ಲಿದೆ. ಸುಮಾರು 125 ಡಿಗ್ರಿಗೆ ಅದರ ನಡುಭಾಗ ಕರಗಿ ಬೀಳುತ್ತದೆ, ಮತ್ತೆ ಕಾಯಿಸಿದ್ದು ಯಾರೆಂಬ ಜಗಳವೇ ಇರುವುದಿಲ್ಲ. ನಮ್ಮಲ್ಲೂ ಅದು ಬರಬೇಕು. ಬರುವವರೆಗೆ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ತಾವೇ ನೋಡಿಕೊಳ್ಳಬೇಕು. ಇಂಜಿನ್ ಪೂರ್ತಿ ತಣ್ಣಗಿರುವಾಗಲೇ ಹೋಗಿ. ಆಯಿಲ್ ಮುಚ್ಚಳದ ಅಡಿ ತುಸು ಬಿಳಿ ತೇವ ಇದ್ದರೆ ಹತ್ತಿರದ ಓಡಾಟದ ಕಾರುಗಳಲ್ಲಿ ಚಳಿಗಾಲಕ್ಕೆ ಅದು ಸಹಜ. ಡಿಪ್‌ಸ್ಟಿಕ್ಕಿನಲ್ಲೂ ಅದೇ ಬಣ್ಣ ಕಂಡರೆ ಸಹಜವಲ್ಲ. ಆಮೇಲೆ ಸ್ಟಾರ್ಟ್ ಮಾಡಿಸಿ ರೇಡಿಯೇಟರಿನ ಮೇಲಿನ ಹೋಸನ್ನು ಕೈಯಲ್ಲಿ ಹಿಡಿದು ನಿಲ್ಲಿ. ನೀರು ಬಿಸಿಯಾಗುವ ಮೊದಲೇ, ಒಂದೆರಡು ನಿಮಿಷದೊಳಗೆ ಆ ಹೋಸ್ ಒತ್ತಲಾಗದಷ್ಟು ಬಿಗಿಯಾದರೆ ಒಳಗಿನ ಒತ್ತಡ ನೀರಿನದಲ್ಲ, ಸಿಲಿಂಡರಿನದು.